ಹೆಟ್ಟಿ ಸ್ಪಿಂಕಳ ಮಣ್ಣು

ಬೇಲಿಯಾಚೆ ನಿಂತಿದ್ದ ಹೆಂಗಸು ಕೈ ಚಾಚಿ ಅವನ ಕೋಟಿನ ತೋಳು ಹಿಡಿದುಕೊಂಡಳು. "ಏನಾದ್ರೂ ತಿಂದ್ಯೋ ಇಲ್ವೋ ಹೆರಾಲ್ಡ್? ಮುಖ ನೋಡು, ಹಿಂಡಿ ಹಾಕಿದ ಬಟ್ಟೆ ಥರ ಆಗಿದೆ," ಎಂದು ಗದರಿ, ಕಾಗದದಲ್ಲಿ ಸುತ್ತಿದ್ದ ಹಂದಿಮಾಂಸ ತುಂಬಿ ಬೇಯಿಸಿದ ಪೈಯೊಂದನ್ನು ಅವನ ಜೇಬಿಗೆ ತುರುಕಿದಳು. ಇನ್ನೂ ಬಿಸಿಯಿತ್ತು. ಅವಳ ಕಣ್ಣು ನಿಜವಾಗಿಯೂ ಒದ್ದೆಯಾಗಿದ್ದನ್ನು ಕಂಡು ಆಬ್ರಿ ಥ್ವೇಟ್‌ಗೆ ನಾಚಿಕೆಯಾಯಿತು. ತಾನು ಹೆರಾಲ್ಡ್ ಅಲ್ಲ, ಸತ್ತವಳು ತನ್ನ ಹೆಂಡತಿಯಲ್ಲ, ಅಸಲಿಗೆ ಯಾರೂ ಸತ್ತಿಲ್ಲ, ಆ ಪೆಟ್ಟಿಗೆಯೊಳಗೆ ಎರಡು ಮೂಟೆ ಮರಳಿದೆ ಎಂದು ಹೇಳಬಹುದಿತ್ತು. ಹದಿನಾಲ್ಕು ವರ್ಷಗಳಲ್ಲಿ ಹಾಗೆ ಹೇಳಿದ್ದು ಎರಡೇ ಸಲ; ಎರಡು ಸಲವೂ ಕೇಳಿದವರು ತಮ್ಮ ಮನೆಯವನೇ ಮುಖ ತಿರುಗಿಸಿದನೆಂಬಂತೆ ನೊಂದುಕೊಂಡಿದ್ದರು. ಅವನು ತಲೆಯಾಡಿಸಿದ. "ದೇವರು ಒಳ್ಳೇದು ಮಾಡ್ಲಿ ತಾಯಿ," ಎಂದ ಹೆರಾಲ್ಡನ ಗೊಗ್ಗರು ದನಿಯಲ್ಲಿ. ಹಾಗೆ ಅಂದದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು.

ನವೆಂಬರಿನ ಬೆಳಗು. ಚರ್ಚಿನ ಹಿಂದಿನ ಸ್ಮಶಾನದಲ್ಲಿ ಹುಲ್ಲಿನ ಮೇಲೆ ಬಿಳಿ ಮಂಜು ಗಟ್ಟಿಯಾಗಿ ಕೂತಿತ್ತು. ಕ್ಯಾಮೆರಾದವರು ಕೈ ಉಜ್ಜಿಕೊಳ್ಳುತ್ತ ಬೀಡಾಡಿ ನಾಯಿಗಳಂತೆ ಅತ್ತಿಂದಿತ್ತ ಓಡಾಡುತ್ತಿದ್ದರು. ಬೇಲಿಯಾಚೆ ಇನ್ನೂರು ಜನರಾದರೂ ಸೇರಿದ್ದರು. ಹೆಚ್ಚಿನವರು ಕಪ್ಪು ಬಟ್ಟೆಯಲ್ಲಿ. 'ಗ್ಯಾಸ್‌ವರ್ಕ್ಸ್ ಬೀದಿ' ಧಾರಾವಾಹಿಯನ್ನು ವಾರಕ್ಕೆ ಎರಡು ಸಂಜೆ ದೇಶದ ಕಾಲು ಭಾಗ ಜನ ನೋಡುತ್ತಾರೆ ಎಂದು ನಿರ್ಮಾಪಕ ಕೆಂಡ್ರಿಕ್ ಹೇಳುತ್ತಿದ್ದ. ಆ ಕಾಲು ಭಾಗಕ್ಕೂ ಗೊತ್ತಿರುವುದು ಚಮ್ಮಾರ ಹೆರಾಲ್ಡ್ ಸ್ಪಿಂಕ್, ಅವನ ಬಾಯಿಬಡುಕಿ ಹೆಂಡತಿ ಹೆಟ್ಟಿ. ಕಳೆದ ಗುರುವಾರದ ಕಂತಿನಲ್ಲಿ ಹೆಟ್ಟಿ ಸ್ಪಿಂಕ್ ಹಾಲಿನ ಗಾಡಿಗೆ ಸಿಕ್ಕಿ ಸತ್ತಳು. ಇವತ್ತು ಅವಳ ಮಣ್ಣು. ಹೆಟ್ಟಿಯ ಪಾತ್ರದಲ್ಲಿದ್ದ ವಿನ್ನಿ, ಅಂದರೆ ವಿನಿಫ್ರೆಡ್ ಹಾಲ್‌ರಾಯ್ಡ್ ಮಾತ್ರ ಊರಿನ ಇನ್ನೊಂದು ತುದಿಯಲ್ಲಿ, ಬಟ್ಟೆ ಒಗೆಯುವ ಅಂಗಡಿಯ ಮೇಲಿನ ತನ್ನ ಎರಡು ಕೋಣೆಯ ಮನೆಯಲ್ಲಿ, ಬಹುಶಃ ಈ ಹೊತ್ತಿಗೆ ಚಹಾ ಸೋಸುತ್ತ ಕೂತಿರುತ್ತಾಳೆ. ಆಬ್ರಿ ಅವಳನ್ನು ಕೊನೆಯ ಚಿತ್ರೀಕರಣದ ನಂತರ ನೋಡಿರಲಿಲ್ಲ. ಐದು ವಾರ. ದಿನವೂ ನಾಳೆ ಹೋಗುತ್ತೇನೆ ಅಂದುಕೊಳ್ಳುತ್ತಿದ್ದ.

ಅವನಿಗೆ ಹೇಳಲಿದ್ದದ್ದು ಒಂದೇ ಮಾತು. ಪೆಟ್ಟಿಗೆ ಇಳಿಯುವಾಗ, ಪಕ್ಕದಲ್ಲಿ ನಿಂತ ನೆರೆಮನೆಯ ವಿಧವೆಗೆ ಹೇಳಬೇಕಾದದ್ದು: "ಮೂವತ್ತೊಂದು ವರ್ಷ ಅವಳು ಕರೆದಾಗೆಲ್ಲ 'ಬಂದೆ' ಅಂದೆ. ಒಂದು ಸಲಾನೂ ಎದ್ದು ಹೋಗ್ಲಿಲ್ಲ." ರಾತ್ರಿ ಮಲಗುವ ಮುಂಚೆ ಇಪ್ಪತ್ತು ಸಲ, ಬೆಳಿಗ್ಗೆ ಗಡ್ಡ ಹೆರೆಯುತ್ತ ಇಪ್ಪತ್ತು ಸಲ ಹೇಳಿಕೊಂಡಿದ್ದ. ಮಂಜಿನಲ್ಲಿ ನಿಂತು ಹೇಳಲು ಹೊರಟಾಗ 'ಬಂದೆ ಅಂದೆ' ತನಕ ಬಂದು ಮಾತು ನಿಂತುಬಿಟ್ಟಿತು. ಮರೆತದ್ದಲ್ಲ. ಮುಂದೆ ಮೆಟ್ಟಿಲಿದೆ ಎಂದು ಕಾಲಿಟ್ಟು, ಇಲ್ಲ ಎಂದು ಗೊತ್ತಾದ ಹಾಗೆ. ಅವನು ಅಭ್ಯಾಸಬಲದಿಂದ ಎಡಕ್ಕೆ ನೋಡಿದ. ಎಡಕ್ಕೆ ಯಾವಾಗಲೂ ವಿನ್ನಿ ಇರುತ್ತಿದ್ದಳು. ಈಗ ಅಲ್ಲಿ ಮಣ್ಣಿನ ಗುಡ್ಡೆಯಿತ್ತು.

"ಇನ್ನೊಂದು ಸಲ ಮಾಡೋಣ," ಎಂದಳು ಮೊರಾಗ್. ಚಿತ್ರೀಕರಣದ ಜಾಗದ ವ್ಯವಸ್ಥೆಯನ್ನೆಲ್ಲ ನೋಡಿಕೊಳ್ಳುತ್ತಿದ್ದ ಸ್ಕಾಟ್‌ಲೆಂಡಿನ ಹೆಂಗಸು, ಬಾಯಿ ಜೋರು, ಆದರೆ ಅವನ ಮೇಲೆ ಎಂದೂ ಜೋರು ಮಾಡಿದವಳಲ್ಲ. ಪೆಟ್ಟಿಗೆಯನ್ನು ಮೇಲೆತ್ತಿದರು, ಮತ್ತೆ ಇಳಿಸಿದರು. ಎರಡನೇ ಸಲವೂ ಅಲ್ಲೇ ನಿಂತಿತು. ಮೂರನೆಯದರಲ್ಲಿ 'ಮೂವತ್ತೊಂದು' ಎನ್ನುವ ಬದಲು 'ಇಪ್ಪತ್ತೊಂದು' ಎಂದ. ನಾಲ್ಕು, ಐದು. ಪೆಟ್ಟಿಗೆ ಎತ್ತುವ ಇಬ್ಬರಲ್ಲಿ ಒಬ್ಬ, ಕೇಳಿಸಬಾರದೆಂದು ತಗ್ಗಿಸಿದ ದನಿಯಲ್ಲಿ, "ಈ ಮುದುಕಿ ಸತ್ತಮೇಲೂ ಹತ್ತು ಸಲ ಟೇಕ್ ಮಾಡಿಸ್ತಾಳಪ್ಪ," ಎಂದ. ಇನ್ನೊಬ್ಬ ನಕ್ಕ. ಆಬ್ರಿಗೆ ಕೇಳಿಸಿತು. ಆ ಮಾತಿನಿಂದ ಸಮಾಧಾನವಾದದ್ದೂ, ಸಮಾಧಾನವಾಯಿತಲ್ಲ ಎಂದು ತನ್ನ ಮೇಲೇ ಅಸಹ್ಯವಾದದ್ದೂ ಒಟ್ಟಿಗೇ ಆಯಿತು. ವಿನ್ನಿಯಿಂದಲೇ ಎಲ್ಲ ತಡ. ಅದು ಸ್ಟುಡಿಯೋದ ಎಲ್ಲರಿಗೂ ಗೊತ್ತಿದ್ದ ಸಂಗತಿ. ತಟ್ಟೆ ಬೀಳಿಸುವವಳು ಅವಳು, ಸಕ್ಕರೆ ಎನ್ನುವಲ್ಲಿ ಉಪ್ಪು ಎನ್ನುವವಳು, ಮಾತಿನ ನಡುವೆ ಸೀನುವವಳು. ಸ್ಟುಡಿಯೋದಲ್ಲಿ ಟೇಪು ಕತ್ತರಿಸಿ ಜೋಡಿಸುವುದು ಸುಲಭವಲ್ಲ. ಒಬ್ಬರು ಎಡವಿದರೆ ಇಡೀ ದೃಶ್ಯ ಮೊದಲಿನಿಂದ. ಯಾರು ಎಡವಿದರೆಂದು ಮೊರಾಗ್ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಏಪ್ರಿಲ್‌ನಲ್ಲಿ ಒಂದು ದಿನ ಕೆಂಡ್ರಿಕ್ ಆ ನೋಟ್‌ಬುಕ್ ನೋಡಿದ್ದ. ಅದಾದ ಮೇಲೆ ಸ್ಟುಡಿಯೋದ ಓಣಿಯಲ್ಲಿ, ಚಹಾದ ಗಾಡಿಯ ಪಕ್ಕ, ಆಬ್ರಿಯ ಭುಜದ ಮೇಲೆ ಕೈಯಿಟ್ಟಿದ್ದ. ಮೂವತ್ತೈದು ದಾಟದ ಹುಡುಗುಮುಖದ ಮನುಷ್ಯ, ಮಖಮಲ್ ಕೋಟು, ಯಾವಾಗಲೂ ಮೃದು. "ವಿನಿಫ್ರೆಡ್ ಹೇಗಿದಾರೆ? ನಿಮಗೇನನ್ಸುತ್ತೆ? ನೀವೇ ಹತ್ತಿರದಿಂದ ನೋಡೋರು." ಆಬ್ರಿ ಕೈಯಲ್ಲಿದ್ದ ಬಿಸ್ಕತ್ತನ್ನು ನೋಡಿದ. ಅದರ ಅಂಚಿನ ಸಣ್ಣ ತೂತುಗಳನ್ನು ಎಣಿಸಿದ್ದು ಇವತ್ತಿಗೂ ನೆನಪಿದೆ. "ಪಾಪ," ಎಂದ, "ದಣಿದಿದಾಳೆ." ಅಷ್ಟೇ. ಸುಳ್ಳಲ್ಲ, ಅರವತ್ತಾರರ ಹೆಂಗಸು ದಣಿಯದೆ ಇರುತ್ತಾಳೆಯೇ? ಆದರೆ ಆ 'ಪಾಪ' ಅಂದದ್ದಿದೆಯಲ್ಲ, ಹಾಲಿನ ಗಾಡಿಯನ್ನು ಅವಳ ಮೇಲೆ ಓಡಿಸಿದ್ದು ಅದು.

ಏಳನೇ ಟೇಕ್ ಕೂಡ ಕೆಟ್ಟಾಗ ಕೆಂಡ್ರಿಕ್ ತಾನೇ ಹುಲ್ಲು ತುಳಿಯುತ್ತ ಬಂದ. "ದುಃಖ ಇರುತ್ತೆ ಬಿಡಿ. ನಮಗೆಲ್ಲ ಅರ್ಥ ಆಗುತ್ತೆ. ಒಂದು ಕೆಲಸ ಮಾಡೋಣ, ಆ ಮಾತು ನಿಮಗೆ ಬೇಡ. ರೊಸಲಿಂಡ್ ಹೇಳ್ತಾರೆ. ನೀವು ಸುಮ್ನೆ ನಿಂತ್ಕೊಂಡು ತಲೆಯಾಡಿಸಿ." ನೆರೆಮನೆಯ ವಿಧವೆಯ ಪಾತ್ರದ ರೊಸಲಿಂಡ್ ನಾಲ್ಕು ತಿಂಗಳ ಹಿಂದೆ ಸೇರಿದವಳು, ಐವತ್ತರ ಆಸುಪಾಸು, ಹಲ್ಲು ಚಂದ. ಅವಳು ಸ್ಕ್ರಿಪ್ಟನ್ನು ಒಂದೇ ಸಲ ನೋಡಿ ಮಡಚಿಟ್ಟು, ಕ್ಯಾಮೆರಾ ಓಡುತ್ತಲೇ ಅವನ ಮೊಳಕೈ ಹಿಡಿದು, "ಅವಳು ಕರೆದಾಗೆಲ್ಲ 'ಬಂದೆ' ಅಂತಿದ್ದೆ, ಅಲ್ವಾ ಹೆರಾಲ್ಡ್," ಎಂದಳು. ಅವನು ತಲೆಯಾಡಿಸಿದ. ಬೇಲಿಯಾಚೆ ಯಾರೋ ಬಿಕ್ಕಿದರು. "ಅದ್ಭುತ," ಎಂದ ಕೆಂಡ್ರಿಕ್, "ಆ ಮೌನ ಇದೆಯಲ್ಲ, ಅದನ್ನ ಯಾರೂ ಬರೆಯೋಕಾಗಲ್ಲ." ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಮೊರಾಗ್ ಮಾತ್ರ ತಟ್ಟಲಿಲ್ಲ. ಅವಳು ನೋಟ್‌ಬುಕ್ ತೆರೆದು, ಪೆನ್ಸಿಲ್ಲನ್ನು ಕಾಗದದ ಮೇಲೆ ಹಿಡಿದು, ಅವನನ್ನೇ ನೋಡುತ್ತಿದ್ದಳು. ಏನೋ ಲೆಕ್ಕ ತಪ್ಪಿದೆ ಎನ್ನುವವಳ ನೋಟ.

ಊಟದ ಹೊತ್ತಿಗೆ ಕೆಲಸ ಮುಗಿಯಿತು. ಜನ ಕಳಿಸಿದ್ದ ಹೂವು ಒಂದು ವ್ಯಾನಿನ ತುಂಬ ಇತ್ತು. "ಆಸ್ಪತ್ರೆಗೆ ಕಳಿಸ್ತೀನಿ, ನಿಮಗೇನಾದ್ರೂ ಬೇಕಾ?" ಎಂದು ಮೊರಾಗ್ ಕೇಳಿದಾಗ ಕೈಗೆ ಸಿಕ್ಕ ಸೇವಂತಿಗೆಯ ಕಟ್ಟೊಂದನ್ನು ಎತ್ತಿಕೊಂಡ. ಯಾಕೆಂದು ಕೇಳದೆ ಅವಳು ವ್ಯಾನಿನ ಬಾಗಿಲು ಹಾಕಿದಳು.

ವಿನ್ನಿಯ ಮನೆ ಕಡೆಗೆ ಹೋಗುವ ಬಸ್ಸಿನಲ್ಲಿ ಮುದುಕನೊಬ್ಬ ಟೋಪಿ ತೆಗೆದು ಎದ್ದು ಅವನಿಗೆ ಜಾಗ ಬಿಟ್ಟುಕೊಟ್ಟ. ತೋಳಿಗೆ ಕಟ್ಟಿದ್ದ ಕಪ್ಪು ಪಟ್ಟಿಯನ್ನು ಬಿಚ್ಚಲು ಮರೆತಿದ್ದು ಆಗ ಗೊತ್ತಾಯಿತು. ಬಿಚ್ಚಿದರೆ ಆ ಮುದುಕನನ್ನು ಅವಮಾನಿಸಿದಂತೆ, ಹಾಗೇ ಕೂತ. ಹಾಲ್‌ರಾಯ್ಡ್ ಅನ್ನುವ ಹೆಸರು ಬಸ್ಸಿನಲ್ಲಿ ಒಬ್ಬರಿಗೂ ಗೊತ್ತಿಲ್ಲ, ಥ್ವೇಟ್ ಅನ್ನುವುದೂ. ಹೆರಾಲ್ಡ್ ಆಗುವ ಮುಂಚೆಯೂ ಅಷ್ಟೇ. ಇಪ್ಪತ್ತು ವರ್ಷ ಅವನು ಬಾಗಿಲು ತೆರೆಯುವ ಬಟ್ಲರ್, ಟೋಪಿ ಕಂಕುಳಲ್ಲಿಟ್ಟುಕೊಂಡು ಕೆಟ್ಟ ಸುದ್ದಿ ತರುವ ಪೊಲೀಸ್, ಸ್ಟೇಷನ್ ಮಾಸ್ಟರ್, ನ್ಯಾಯಪೀಠದ ಮುಂದೆ ಎರಡು ಸಾಲು ಹೇಳಿ ಇಳಿಯುವ ಸಾಕ್ಷಿ. ಎರಡು ಸಲ ಹೆಣ. "ನಿಮ್ಮನ್ನ ಎಲ್ಲೋ ನೋಡಿದೀನಿ, ನಮ್ಮ ಚಿಕ್ಕಪ್ಪನ ಮಗಳ ಮದುವೇಲಿ ಇದ್ರಾ?" ಎಂದು ಜನ ಕೇಳುತ್ತಿದ್ದರು. ಆ ಪಾತ್ರಗಳಲ್ಲಿ ಒಂದು ಸುಖವಿತ್ತು: ಎರಡೇ ಸಾಲು. ಎರಡು ಸಾಲನ್ನು ಅಂಗೈಯಲ್ಲಿ ಹಿಡಿದುಕೊಂಡು ಹೋಗಬಹುದು. ಹೆರಾಲ್ಡ್ ಆದ ಆರನೇ ವರ್ಷ ಬ್ರಿಸ್ಟಲ್‌ನ ನಾಟಕ ಕಂಪನಿಯೊಂದು ಅವನನ್ನು ಮುಖ್ಯ ಪಾತ್ರಕ್ಕೆ ಕರೆದಿತ್ತು, ಕುರುಡು ಪಾದ್ರಿಯ ಪಾತ್ರ, ಮೂರು ಅಂಕದುದ್ದಕ್ಕೂ ರಂಗದ ಮೇಲೆ. ಧಾರಾವಾಹಿಯ ಕರಾರು ಬಿಡುವುದಿಲ್ಲ ಎಂದು ಕಾಗದ ಬರೆದ. ಕರಾರು ಬಿಡುತ್ತಿತ್ತು; ಬೇಸಿಗೆಯಲ್ಲಿ ಎರಡು ತಿಂಗಳು ರಜೆ ಕೊಡುತ್ತಿದ್ದರು. ಬಿಡದಿದ್ದದ್ದು ಬೇರೆ ಏನೋ. ಮೊನ್ನೆ ಕೆಂಡ್ರಿಕ್ ಮುಂದಿಟ್ಟ ಹೊಸ ಕರಾರಿಗೂ ರುಜು ಹಾಕಿದ, ಇನ್ನು ಮೂರು ವರ್ಷಕ್ಕೆ. ಪೆನ್ನು ಕೆಳಗಿಡುವಾಗ ಹಿಂದಿನಿಂದ ಯಾರೋ ಬಾಗಿಲಿಗೆ ಅಗುಳಿ ಹಾಕಿದ ಶಬ್ದ ಕೇಳಿದಂತಾಗಿತ್ತು. ತಿರುಗಿ ನೋಡಿದರೆ ಚಹಾದವಳು ಬಾಗಿಲು ಮುಚ್ಚಿಕೊಂಡು ಹೋಗುತ್ತಿದ್ದಳು.

ಹೇಳಿಬಿಡಬೇಕು ಎಂದುಕೊಂಡ. ಕೂತ ಕೂಡಲೆ, ಚಹಾ ಬರುವ ಮುಂಚೆ. ಏಪ್ರಿಲ್‌ನಲ್ಲಿ ನಾನು ಹೀಗಂದೆ, ಅದಕ್ಕೇ ನಿನ್ನನ್ನು ತೆಗೆದರು. ಹೇಳಿ ಎದ್ದು ಬಂದರೆ ಮುಗಿಯಿತು.

ಬಾಗಿಲು ತೆರೆದ ವಿನ್ನಿ ಅವನನ್ನೂ ಹೂವನ್ನೂ ನೋಡಿ ಗಂಟಲು ಬಿಚ್ಚಿ ನಕ್ಕಳು. "ನನ್ನ ಹೆಣಕ್ಕೆ ಬಂದ ಹೂವನ್ನ ನಂಗೇ ತಂದ್ಯಾ? ಚೀಟೀನಾದ್ರೂ ಕೀಳಬಾರ್ದಿತ್ತಾ?" ಕಟ್ಟಿಗೆ ಸಿಕ್ಕಿಸಿದ್ದ ಚೀಟಿಯಲ್ಲಿ 'ಹೆಟ್ಟಿಗೆ, ಚಿರಶಾಂತಿ ಸಿಗಲಿ, ನಾಟಿಂಗ್‌ಹ್ಯಾಮಿನ ಬೀಸ್ಲಿ ಕುಟುಂಬ' ಎಂದಿತ್ತು. ಅವಳು ಅದನ್ನು ಗಟ್ಟಿಯಾಗಿ ಓದಿ, ಬೆಂಕಿಗೂಡಿನ ಮೇಲಿನ ಹಲಗೆಗೆ ಒರಗಿಸಿಟ್ಟಳು. ಸಣ್ಣ ಆಳು, ಬೆನ್ನು ನೆಟ್ಟಗೆ. ಮೇಜಿನ ಮೇಲೆ ಪದಬಂಧ ಪೂರ್ತಿ ತುಂಬಿಸಿಟ್ಟ ಪತ್ರಿಕೆ. "ಆ ಪಟ್ಟಿ ಬಿಚ್ಚು ಮಾರಾಯ. ಎದುರಿಗೆ ಕೂತು ನನಗೇ ಸೂತಕ ಆಚರಿಸ್ಬೇಡ."

ಕೆಳಗಿನ ಅಂಗಡಿಯ ಯಂತ್ರಗಳು ಗುಂಯ್‌ಗುಟ್ಟುತ್ತಿದ್ದವು. ನೆಲದ ಹಲಗೆಯ ಮೂಲಕ ಆ ಕಂಪನ ಅಂಗಾಲಿಗೆ ಏರುತ್ತಿತ್ತು. ಅವನು ಜೇಬಿನ ಪೈ ತೆಗೆದು ಮೇಜಿನ ಮೇಲಿಟ್ಟ. ಅವಳು ಅದನ್ನು ಎರಡು ಭಾಗ ಮಾಡಿ ತಟ್ಟೆಗೆ ಹಾಕಿದಳು.

"ವಿನ್ನಿ, ನಿನಗೊಂದು ವಿಷಯ ಹೇಳ್ಬೇಕು."

"ಎಷ್ಟು ಟೇಕ್ ಆಯ್ತು ಇವತ್ತು?"

"ಎರಡು," ಎಂದ. ಯಾಕೆ ಹಾಗಂದೆನೆಂದು ಅವನಿಗೇ ತಿಳಿಯಲಿಲ್ಲ.

"ಸುಳ್ಳು."

"ಏಳು. ಕೊನೆಗೆ ಮಾತನ್ನ ರೊಸಲಿಂಡ್‌ಗೆ ಕೊಟ್ರು."

ವಿನ್ನಿ ಪೈ ಅಗಿಯುತ್ತ ಕಿಟಕಿಯ ಕಡೆ ನೋಡಿದಳು. "ನಾನಿದ್ದಿದ್ರೆ ಎರಡರಲ್ಲೇ ಆಗ್ತಿತ್ತು. ಗುಂಡಿಗೆ ಜಾರಿ ಬೀಳ್ತಿದ್ದೆ," ಎಂದಳು. ಅವನು ನಗಲು ಬಾಯಿ ತೆರೆದ. ಅವಳು ನಗುತ್ತಿರಲಿಲ್ಲ.

"ಆಬ್ರಿ, ಕ್ರಿಸ್‌ಮಸ್ ಕಂತಲ್ಲಿ ನಾನು ಬಟಾಣಿ ಪಾತ್ರೆ ಬೀಳಿಸಿದ್ದು ನೆನಪಿದೆಯಾ? ಅದಕ್ಕೆ ಮುಂಚೆ ಏನಾಯ್ತು ಹೇಳು."

ನೆನಪಿತ್ತು. ನೆಲದ ತುಂಬ ಹಸಿರು ಗುಂಡುಗಳು, ಎಲ್ಲರ ನಿಟ್ಟುಸಿರು, ಮೊರಾಗಳ ಪೆನ್ಸಿಲ್. ಅದಕ್ಕೆ ಮುಂಚೆ? ಅವನು ಹೆರಾಲ್ಡನಾಗಿ ಮಗನಿಗೆ ಏನೋ ಹೇಳಬೇಕಿತ್ತು, ಟರ್ಕಿ ಕೋಳಿ ಕೊಯ್ಯುತ್ತ. ಹೇಳಲು ಬಾಯಿ ತೆರೆದಿದ್ದ. ಮೆಟ್ಟಿಲಿರಲಿಲ್ಲ. ಅಷ್ಟರಲ್ಲಿ ಪಾತ್ರೆ ಬಿತ್ತು. ಅಬ್ಬ, ಸದ್ಯ, ಎಂದುಕೊಂಡಿದ್ದ. ಇನ್ನೊಮ್ಮೆ ತೆಗೆಯುವಷ್ಟರಲ್ಲಿ ಮಾತು ಸಿಕ್ಕಿತ್ತು. ಸಕ್ಕರೆ ಉಪ್ಪಾದ ದಿನ? ಅವಳು ಸೀನಿದ ದಿನ? ಬಿಸಿಯಾದ ಇಸ್ತ್ರಿಪೆಟ್ಟಿಗೆ ಮುಟ್ಟಿ 'ಅಯ್ಯೋ' ಎಂದ ದಿನ? ಒಂದೊಂದರ ಹಿಂದೆಯೂ ಒಂದು ಉಸಿರಿನಷ್ಟು ಅಗಲದ ಖಾಲಿ ಜಾಗವಿತ್ತು. ಅದು ಅವನದಾಗಿತ್ತು.

"ಬೇಕಂತಲೇ ಮಾಡ್ತಿದ್ಯಾ?"

"ಮತ್ತೆ? ನಲವತ್ತು ವರ್ಷ ರಂಗದ ಮೇಲೆ ತಟ್ಟೆ ಹಿಡಿದಿದೀನಿ, ಒಂದು ಚಮಚ ಬೀಳಿಸಿಲ್ಲ. ಮಾತು ಕೈಕೊಡೋ ಮುಂಚೆ ನಿನ್ನ ಎಡಗಣ್ಣು ಸಣ್ಣಗಾಗುತ್ತೆ. ನಂಗೆ ಗೊತ್ತಾಗ್ತಿತ್ತು. ನಿಂಗೆ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ ಎನ್ನಲು ಹೊರಟ. ಆ ಮಾತೂ ನಡುವೆ ನಿಂತಿತು. ಗೊತ್ತಿರಲಿಲ್ಲವೇ? ಹಾಗಾದರೆ ಇವತ್ತು ಬೆಳಿಗ್ಗೆ ಎಡಕ್ಕೆ ನೋಡಿದ್ದು ಯಾಕೆ? ಪಾತ್ರೆ ಬಿದ್ದಾಗೆಲ್ಲ ಎದೆಯಲ್ಲಿ ಹರಡುತ್ತಿದ್ದ ಆ ಬೆಚ್ಚನೆಯ ಹಗುರವನ್ನು ಏನೆಂದು ಕರೆದುಕೊಂಡಿದ್ದ? 'ಪಾಪ ವಿನ್ನಿ' ಎನ್ನುವ ಅನುಕಂಪವೆಂದು ಕರೆದಿದ್ದ. ಅವಳ ಕೈಯಿಂದ ಬಿದ್ದ ಚೂರುಗಳನ್ನು ತಾನೇ ಬಗ್ಗಿ ಆಯ್ದುಕೊಡುತ್ತಿದ್ದ. ಎಲ್ಲರೂ ನೋಡುತ್ತಿದ್ದರು, ಆಬ್ರಿ ಎಷ್ಟು ತಾಳ್ಮೆಯವನು ಎಂದು.

"ಏಪ್ರಿಲ್‌ನಲ್ಲಿ ಕೆಂಡ್ರಿಕ್ ನನ್ನ ಕೇಳ್ದ," ಎಂದ. "ನಾನು..."

"ದಣಿದಿದಾಳೆ ಅಂದೆ. ಗೊತ್ತು. 'ಆಬ್ರಿಗೂ ಹಾಗೇ ಅನ್ನಿಸಿದೆ' ಅಂತ ಅವನೇ ಹೇಳಿದ, ಸೆಪ್ಟೆಂಬರಿನಲ್ಲಿ ನನ್ನ ತೆಗೆಯೋ ವಿಷಯ ಹೇಳೋವಾಗ, ನನ್ನ ಕೈ ಹಿಡ್ಕೊಂಡು. ಆ ಮನುಷ್ಯನ ಕೈ ಯಾವಾಗ್ಲೂ ಬೆಚ್ಚಗಿರುತ್ತೆ, ಗಮನಿಸಿದೀಯಾ?"

"ಆಮೇಲೂ ನೀನು ಕೊನೇತನಕ ನನ್ನ ಪಕ್ಕ..."

"ಮೂರು ವಾರ. ಆ ಮೂರು ವಾರದಲ್ಲೂ ನಾಲ್ಕು ಸಲ ಬೀಳಿಸ್ದೆ."

"ಯಾಕೆ ಹೇಳ್ಲಿಲ್ಲ ವಿನ್ನಿ? ಅವತ್ತೇ ನಿಜ ಹೇಳಬಹುದಿತ್ತಲ್ಲ!" ದನಿ ಏರಿತ್ತು, ಅನ್ಯಾಯವಾದದ್ದು ತನಗೇ ಎಂಬಂತೆ. ಅವಳು ತಟ್ಟೆಯ ಚೂರುಗಳನ್ನು ಬೆರಳಿಗೆ ಅಂಟಿಸಿಕೊಂಡು ತಿಂದಳು.

"ಹೇಳಿದ್ರೆ ಇಬ್ರೂ ಹೋಗ್ತಿದ್ವಿ. ಒಂದೇ ಹಾಲಿನ ಗಾಡಿಗೆ ಗಂಡ ಹೆಂಡ್ತಿ ಇಬ್ರೂ ಸಿಕ್ಕಿ ಸಾಯೋದು ಅಂದ್ರೆ ಯಾರು ನಂಬ್ತಾರೆ?" ಎಂದು ಖಾಲಿ ತಟ್ಟೆಯನ್ನು ಮೇಜಿನ ಅಂಚಿಗೆ ಸರಿಸಿದಳು. "ಮೊದಲನೇ ಸಲ ಮಾಡಿದಾಗ ನಿನ್ನ ಮೇಲೆ ಮಮತೆ ಇತ್ತು. ಆಮೇಲೆ ಅಭ್ಯಾಸ ಆಯ್ತು. ಕೊನೆ ಮೂರು ವಾರ ಯಾಕೆ ಮಾಡಿದೆ ಅಂತ ನಂಗೂ ಗೊತ್ತಿಲ್ಲ. ಬಹುಶಃ ನೀನು ತಿರುಗಿ ನೋಡ್ತೀಯಾ ಅಂತ ಕಾಯ್ತಿದ್ದೆ. ನೀನು ಬಗ್ಗಿ ಚೂರು ಆರಿಸ್ತಾ ಇದ್ದೆ."

ಇನ್ನೂ ನಾಲ್ಕೂವರೆಯಾಗಿರಲಿಲ್ಲ. ಹೊರಗೆ ಬೆಳಕು ಆಗಲೇ ಕಂದುತ್ತಿತ್ತು. ಅವಳು ಎದ್ದು ದೀಪ ಹಾಕಿದಳು. ಅವನಿಗೆ ಒಮ್ಮೆಲೇ ದಾರಿ ಕಂಡಂತಾಯಿತು. ಎದ್ದು ನಿಂತ. "ನಾಳೆ ಬೆಳಿಗ್ಗೆ ಹೋಗಿ ಕೆಂಡ್ರಿಕ್‌ಗೆ ಎಲ್ಲ ಹೇಳ್ತೀನಿ. ಮೊನ್ನೆ ರುಜು ಹಾಕಿದ ಮೂರು ವರ್ಷದ ಕರಾರು ಹರಿದು ಹಾಕ್ಲಿ. ಎಲ್ರ ಮುಂದೆ ಹೇಳ್ತೀನಿ, ಮೊರಾಗ್ ಮುಂದೆ, ಆ ಪೆಟ್ಟಿಗೆ ಎತ್ತೋರ ಮುಂದೆ." ಹೇಳುತ್ತಿದ್ದಂತೆ ಎದೆ ಹಗುರಾಗುತ್ತ ಬಂತು, ಹೇಳಿ ಮುಗಿಸಿ, ಕೋಟು ಹಾಕಿಕೊಂಡು, ಒಂದು ಸಣ್ಣ ಊರಿನಲ್ಲಿ ಯಾರಿಗೂ ಗೊತ್ತಿಲ್ಲದ ಮುದುಕನಾಗಿ ಬೀದಿಯಲ್ಲಿ ನಡೆಯುವುದು ಕಣ್ಣಿಗೆ ಕಟ್ಟಿತು.

"ಕೂತ್ಕೋ," ಎಂದಳು ವಿನ್ನಿ.

ಅವನು ಕೂತ.

"ಹೇಳಿ ಹೊರಟುಹೋಗ್ತೀಯಾ? ಅಷ್ಟು ಸುಲಭಾನಾ? ನೀನು ಹೋದ್ರೆ ನಾನು ಯಾತಕ್ಕೆ ಸತ್ತ ಹಾಗಾಯ್ತು? ಹದಿನಾಲ್ಕು ವರ್ಷ ಬೈಸಿಕೊಂಡು ಕಟ್ಟಿದೀನಿ ನಿನ್ನ ಹೆರಾಲ್ಡ್‌ನ. ಅರ್ಧ ಅವನು ನನ್ನೋನು. ಅವನನ್ನ ಕೊಲ್ಲೋಕೆ ನಿಂಗೆ ಹಕ್ಕಿಲ್ಲ." ದನಿಯಲ್ಲಿ ಸಿಟ್ಟಿರಲಿಲ್ಲ, ಅಡುಗೆಮನೆಯಲ್ಲಿ ಕೆಲಸ ಹಂಚುವವಳ ದನಿ. ಕೈ ಚಾಚಿದಳು. "ನಾಳೇದು ಕೊಡು."

ಅವನು ಚೀಲದಿಂದ ನಾಳೆಯ ಸ್ಕ್ರಿಪ್ಟ್ ತೆಗೆದುಕೊಟ್ಟ. ಕೊಡಬಾರದೆಂದು ಮನಸ್ಸು ಹೇಳುತ್ತಿದ್ದಾಗಲೇ ಕೈ ಕೊಟ್ಟಿತ್ತು. ಅವಳು ಕನ್ನಡಕ ಹಾಕಿಕೊಂಡು, ಹಾಳೆ ಮಗುಚಿ, ಅವನು ಬೇಡವೆಂದುಕೊಳ್ಳುತ್ತಿದ್ದ ಜಾಗಕ್ಕೇ ಬಂದಳು. "ಸ್ಪಿಂಕ್ ಮನೆ, ಅಡುಗೆಮನೆ, ಬೆಳಿಗ್ಗೆ. ಹೆಟ್ಟಿಯ ಖಾಲಿ ಕುರ್ಚಿ. ರೊಸಲಿಂಡ್‌ದು ನಾನು ಓದ್ತೀನಿ. ಶುರು ಮಾಡು."

"ವಿನ್ನಿ, ಇದು ಬೇಡ."

"ಮಂಗಳವಾರ ಮಂಗಳವಾರ ಬರ್ತೀಯ. ಶುಕ್ರವಾರಾನೂ ಬಾ, ಮಾತು ಜಾಸ್ತಿ ಇರೋ ವಾರ. ಮೂರು ವರ್ಷ ಅಲ್ವಾ ಕರಾರು?" ಪೆನ್ಸಿಲ್ ಕೈಗೆತ್ತಿಕೊಂಡಳು. ಆಮೇಲೆ ಬೆನ್ನು ಸ್ವಲ್ಪ ಬಾಗಿಸಿ, ದನಿಯನ್ನು ಸಂಕೋಚದಿಂದ ಮೆತ್ತಗೆ ಮಾಡಿ, ರೊಸಲಿಂಡಳಿಗಿಂತ ಎಷ್ಟೋ ಚೆನ್ನಾಗಿ ಓದಿದಳು: "ಬಿಸಿ ಸೂಪು ತಂದಿದೀನಿ ಹೆರಾಲ್ಡ್. ಈ ಕುರ್ಚಿ ಮೇಲೆ ಕೂರ್ಬಹುದಾ?"

ಅವನ ಮಾತು ಏನೆಂದು ಅವನಿಗೆ ಗೊತ್ತಿತ್ತು. ಮರೆತಿರಲಿಲ್ಲ. ಪ್ರತಿ ಅಕ್ಷರವೂ ಕಣ್ಣ ಮುಂದಿತ್ತು. "ಕೂತ್ಕೊಳ್ಳಿ," ಎಂದ. "ಅದರ ಮೇಲೆ..."

ನಿಂತಿತು. ಅವಳು ಕಾದಳು. ಎದುರಿಗೆ, ದೀಪದ ಕೆಳಗೆ, ನಿಜವಾದ ಕುರ್ಚಿಯಲ್ಲಿ ಕೂತು ಕನ್ನಡಕದ ಮೇಲಿನಿಂದ ಅವನ ಎಡಗಣ್ಣನ್ನೇ ನೋಡುತ್ತಿದ್ದಳು. ಮೇಜಿನ ಅಂಚಿನಲ್ಲಿ ತಟ್ಟೆಯಿತ್ತು, ಮೊಳಕೈಗೆ ತಾಗುವಷ್ಟು ಹತ್ತಿರ. ಅವಳು ಅದನ್ನು ಹಗುರವಾಗಿ ಮೇಜಿನ ನಡುವಿಗೆ ಸರಿಸಿದಳು.

"ಮೊದಲಿಂದ," ಎಂದಳು. "ಬಿಸಿ ಸೂಪು ತಂದಿದೀನಿ ಹೆರಾಲ್ಡ್. ಈ ಕುರ್ಚಿ ಮೇಲೆ ಕೂರ್ಬಹುದಾ?"

ನಾಲ್ಕನೇ ಸಲಕ್ಕೆ ಅವನ ದನಿ ಒಡೆಯಿತು. "ಅಳಬೇಡ, ಇಲ್ಲಿ ಅಳು ಅಂತ ಬರೆದಿಲ್ಲ," ಎಂದಳು. ಏಳನೆಯ ಸಲ ಒಂದು ಪದ ಬಿಟ್ಟ. ಕೆಳಗೆ ಯಂತ್ರಗಳು ಒಂದೊಂದಾಗಿ ನಿಲ್ಲುತ್ತ ಬಂದವು. ಅಂಗಡಿ ಮುಚ್ಚುವ ಹೊತ್ತಾಗಿತ್ತು. ಒಂಬತ್ತನೆಯ ಸಲ, ಹೆರಾಲ್ಡನ ಗೊಗ್ಗರು ದನಿಯಲ್ಲಿ, ಒಂದಕ್ಷರ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ, ಅವಳ ಮುಖ ನೋಡಿಕೊಂಡೇ ಹೇಳಿದ:

"ಕೂತ್ಕೊಳ್ಳಿ. ಅದರ ಮೇಲೆ ಈಗ ಯಾರೂ ಕೂರಲ್ಲ."

"ಹ್ಞಾ," ಎಂದಳು ವಿನ್ನಿ. ಸಾಲಿನ ಪಕ್ಕ ಪೆನ್ಸಿಲ್ಲಿನಿಂದ ಸಣ್ಣ ಗುರುತು ಹಾಕಿ, ಹಾಳೆ ತಿರುವಿದಳು.